ಹದಿನಾರು ಓಟು, ಟ್ಯಾಲಿ ಆಗದ ಲೆಕ್ಕ

31 ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವಳು ನಾನು. ಅದರಲ್ಲಿ ಹನ್ನೊಂದು ವರ್ಷ ಕ್ಯಾಶ್ ಕೌಂಟರಿನಲ್ಲಿ. ಸಂಜೆ ಲೆಕ್ಕ ಹಾಕುವಾಗ ಹದಿನಾರು ರೂಪಾಯಿ ಕಡಿಮೆ ಬಂತು ಅಂತಿಟ್ಟುಕೊಳ್ಳಿ. "ಮೇಡಂ, ಕೈಯಿಂದ ಹಾಕಿ ಮುಗಿಸಿ, ಮನೆಗೆ ಹೋಗೋಣ" ಅನ್ನುವವರು ಇರುತ್ತಿದ್ದರು. ನನಗೆ ಅದು ಆಗುತ್ತಿರಲಿಲ್ಲ. ಹದಿನಾರು ರೂಪಾಯಿ ದೊಡ್ಡದು ಅಂತಲ್ಲ. ಅದು ಎಲ್ಲಿ ಹೋಯಿತು ಅಂತ ಗೊತ್ತಾಗದಿದ್ದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ.

ಈ ಚಾಳಿ ರಿಟೈರ್ ಆದ ಮೇಲೂ ಬಿಟ್ಟಿಲ್ಲ. ಅದಕ್ಕೇ 2023ರ ಮೇ ತಿಂಗಳಲ್ಲಿ ನಮ್ಮ ಕ್ಷೇತ್ರದ ಫಲಿತಾಂಶ ಬಂದಾಗ, ಮಿಕ್ಕವರೆಲ್ಲ ಎರಡು ದಿನ ಮಾತಾಡಿ ಸುಮ್ಮನಾದರೂ ನಾನು ಆಗಲಿಲ್ಲ. ನಮ್ಮ ಕ್ಷೇತ್ರ ಜಯನಗರ. ಬಿಜೆಪಿಯ ಸಿ.ಕೆ. ರಾಮಮೂರ್ತಿ ಅವರಿಗೆ 57,797. ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿ ಅವರಿಗೆ 57,781. ಕಳೆದು ನೋಡಿ.

ಆದರೆ ಈ ಹದಿನಾರರ ಕತೆಯನ್ನ ನಾನು 2023ರಿಂದ ಶುರು ಮಾಡಲ್ಲ. ಐದು ವರ್ಷ ಹಿಂದಿನಿಂದ ಹೇಳಬೇಕು. ಆಗ ನಮ್ಮ ಕ್ಷೇತ್ರದ ಕುರ್ಚಿ ಖಾಲಿ ಬಿದ್ದಿತ್ತು.

2018ರ ಮೇ 12ಕ್ಕೆ ರಾಜ್ಯಕ್ಕೆಲ್ಲ ಮತದಾನ ಇತ್ತು. ನಮ್ಮ ಶಾಸಕರು ಬಿ.ಎನ್. ವಿಜಯಕುಮಾರ್. 2008ರಲ್ಲೂ 2013ರಲ್ಲೂ ಗೆದ್ದವರು, ಮೂರನೇ ಸಲ ನಿಂತಿದ್ದರು. ಮದುವೆ ಆಗಿರಲಿಲ್ಲ, ಸಂಘದಿಂದ ಬಂದವರು. ಅವರ ಪಕ್ಷಕ್ಕೆ ಓಟು ಹಾಕದವರೂ ಅವರ ಬಗ್ಗೆ ಜೋರಾಗಿ ಬೈದದ್ದು ನಾನು ಕೇಳಿಲ್ಲ. ಮೇ 3ರ ಸಂಜೆ ಪ್ರಚಾರ ಮಾಡುತ್ತಿದ್ದಾಗಲೇ ಕುಸಿದು ಬಿದ್ದರು. ಜಯದೇವ ಆಸ್ಪತ್ರೆಗೆ ಸೇರಿಸಿದರು. ಬೆಳಗಾಗುವ ಹೊತ್ತಿಗೆ ಹೋಗಿಬಿಟ್ಟಿದ್ದರು. 59 ವರ್ಷ. ಹಿಂದಿನ ದಿನ ಅವರ ಕಡೆಯವರು ಗೇಟಿಗೆ ಸಿಕ್ಕಿಸಿ ಹೋಗಿದ್ದ ಕರಪತ್ರ ನಮ್ಮ ಟೀಪಾಯಿ ಮೇಲೇ ಇತ್ತು. ಅದರಲ್ಲಿ ಕೈ ಮುಗಿದುಕೊಂಡು ನಗುತ್ತಿದ್ದರು. ಅದನ್ನ ಎಸೆಯೋದಕ್ಕೆ ಅತ್ತೆ ಬಿಡಲಿಲ್ಲ. ಹದಿಮೂರು ದಿನ ಕಳೆಯಲಿ ಅಂದರು.

ಮಾನ್ಯತೆ ಇರುವ ಪಕ್ಷದ ಅಭ್ಯರ್ಥಿ ಹೀಗೆ ಮತದಾನಕ್ಕೆ ಮೊದಲೇ ತೀರಿಕೊಂಡರೆ ಆ ಕ್ಷೇತ್ರದ ಮತದಾನ ಮುಂದಕ್ಕೆ ಹೋಗುತ್ತದೆ. ಆ ಪಕ್ಷಕ್ಕೆ ಇನ್ನೊಬ್ಬರನ್ನ ನಿಲ್ಲಿಸಲು ಏಳು ದಿನ ಕೊಡುತ್ತಾರೆ. ಪ್ರಜಾಪ್ರತಿನಿಧಿ ಕಾಯ್ದೆಯ 52ನೇ ಸೆಕ್ಷನ್. ನನಗೂ ಆಗಲೇ ಗೊತ್ತಾಗಿದ್ದು.

ಹೀಗಾಗಿ ಮೇ 12ರಂದು ಊರೆಲ್ಲ ಬೆರಳಿಗೆ ಶಾಯಿ ಹಚ್ಚಿಕೊಂಡು ಫೋಟೋ ಹಾಕುತ್ತಿದ್ದರೆ ನಾವು ಸುಮ್ನೆ ನೋಡುತ್ತಾ ಕೂತಿದ್ದೆವು. ಜಯನಗರ ಅಂತ ಹೆಸರಿದ್ದ ಮಾತ್ರಕ್ಕೆ ಜಯನಗರದ ಎಲ್ಲ ಬ್ಲಾಕುಗಳೂ ಈ ಕ್ಷೇತ್ರದಲ್ಲಿಲ್ಲ, ಕೆಲವು ಚಿಕ್ಕಪೇಟೆ ಕ್ಷೇತ್ರಕ್ಕೆ ಸೇರುತ್ತವೆ. ಆ ಕಡೆ ಇರುವ ನಮ್ಮ ನಾದಿನಿ ಓಟು ಹಾಕಿ ಬಂದು ನಮ್ಮ ಮನೆಯಲ್ಲಿ ಕಾಫಿ ಕುಡಿದು ಹೋದಳು. ನಮಗೆ ಬರೀ ಬೇಜಾರು. ಮೇ 15ಕ್ಕೆ ಎಣಿಕೆ: ಬಿಜೆಪಿ 104, ಕಾಂಗ್ರೆಸ್ 78, ಜೆಡಿಎಸ್ 37. ಯಾರಿಗೂ ಬಹುಮತ ಇಲ್ಲ. ಎರಡು ದಿನಕ್ಕೆ ಯಡಿಯೂರಪ್ಪ ಮುಖ್ಯಮಂತ್ರಿ, ಮತ್ತೆರಡು ದಿನಕ್ಕೆ ರಾಜೀನಾಮೆ. 23ಕ್ಕೆ ಕುಮಾರಸ್ವಾಮಿ. ರೆಸಾರ್ಟು, ಬಸ್ಸು, ರಾತ್ರಿಯೆಲ್ಲ ಕೋರ್ಟು. ಇಷ್ಟೆಲ್ಲ ಆದ ಮೇಲೆ, ಊಟ ಮುಗಿಸಿ ಎಲೆ ಎತ್ತಿದ ಮೇಲೆ ಬಂದ ನೆಂಟರ ಹಾಗೆ, ನಮ್ಮ ಸರದಿ ಬಂತು. ಜೂನ್ 11, ಸೋಮವಾರ.

ಆ ವರ್ಷ ಅಧಿಕ ಜ್ಯೇಷ್ಠ ಮಾಸ. ಮಳಿಗೆಗಳಲ್ಲಿ ಮದುವೆ ಸೀರೆ ವ್ಯಾಪಾರ ಇಲ್ಲ, ಛತ್ರಗಳೆಲ್ಲ ಖಾಲಿ, ಮನೆಗಳಲ್ಲಿ ಮೂವತ್ತಮೂರು ಅಪೂಪ ಮಾಡಿ ದಾನ ಕೊಡುವ ಓಡಾಟ. "ಅಧಿಕ ಮಾಸಕ್ಕೆ ಅಧಿಕ ಎಲೆಕ್ಷನ್ನು. ಪುಣ್ಯಾನೂ ಡಬಲ್ಲು" ಅಂದರು ನಮ್ಮ ಅತ್ತೆ. ಆಗ ಅವರಿಗೆ ಎಂಬತ್ತು ತುಂಬುತ್ತಾ ಬಂದಿತ್ತು. ನಡೆದುಕೊಂಡೇ ಬೂತಿಗೆ ಬಂದರು.

ಖಾಲಿ ಕುರ್ಚಿಯ ಚುನಾವಣೆಗೆ ಒಂದು ಬೇರೆ ರುಚಿ ಇರುತ್ತದೆ. ಇರುವ ಶಾಸಕರನ್ನ ಇಟ್ಟುಕೊಳ್ಳಬೇಕಾ ಕಳಿಸಬೇಕಾ ಅನ್ನುವ ಪ್ರಶ್ನೆ ಇಲ್ಲ. ಬಿಜೆಪಿ ವಿಜಯಕುಮಾರ್ ಅವರ ತಮ್ಮ ಬಿ.ಎನ್. ಪ್ರಹ್ಲಾದ್ ಬಾಬು ಅವರನ್ನ ನಿಲ್ಲಿಸಿತು. ಕಾಂಗ್ರೆಸ್ಸಿನಿಂದ ಸೌಮ್ಯಾ ರೆಡ್ಡಿ. ಇವರ ತಂದೆ ರಾಮಲಿಂಗಾ ರೆಡ್ಡಿ ಹಿಂದೆ ಇದೇ ಜಯನಗರದಿಂದ ನಾಲ್ಕು ಸಲ ಗೆದ್ದವರು, ಕ್ಷೇತ್ರಗಳ ಗಡಿ ಬದಲಾದ ಮೇಲೆ 2008ರಲ್ಲಿ ಬಿಟಿಎಂ ಲೇಔಟ್‌ಗೆ ಹೋದವರು. ಇಬ್ಬರು ಅಭ್ಯರ್ಥಿಗಳೂ ಅದುವರೆಗೆ ವಿಧಾನಸಭೆ ಮೆಟ್ಟಿಲು ಹತ್ತಿದವರಲ್ಲ. ಒಬ್ಬರು ಅಣ್ಣನ ಹೆಸರಲ್ಲಿ ಕೇಳುತ್ತಿದ್ದರು, ಇನ್ನೊಬ್ಬರು ಅಪ್ಪನ ಹೆಸರಿನ ಜೊತೆ ಬಂದಿದ್ದರು. ಮೈತ್ರಿ ಸರ್ಕಾರ ಬಂದಿದ್ದರಿಂದ ಜೆಡಿಎಸ್ ಅಭ್ಯರ್ಥಿ ಕಾಂಗ್ರೆಸ್ಸಿಗೆ ಬೆಂಬಲ ಹೇಳಿ ಹಿಂದೆ ಸರಿದರು. ಬೂತಿಗೆ ಹೋದವರು ಶೇಕಡಾ 55ರಷ್ಟು ಜನ. 13ಕ್ಕೆ ಫಲಿತಾಂಶ. ಸೌಮ್ಯಾ ರೆಡ್ಡಿ 54,457, ಪ್ರಹ್ಲಾದ್ ಬಾಬು 51,568. ಅಂತರ 2,889.

"ಎರಡು ಸಾವಿರ ಚಿಲ್ಲರೆ! ಏನು ಪೈಪೋಟಿ ಅಲ್ವಾ" ಅಂತ ಆವತ್ತು ನಾವು ಮಾತಾಡಿಕೊಂಡೆವು. ಎರಡು ಲಕ್ಷ ದಾಟಿದ ಮತದಾರರ ಕ್ಷೇತ್ರದಲ್ಲಿ ಅದು ಕಡಿಮೆಯೇ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಮುಂದಿನ ಸಲ ಬಂದಿದ್ದು 2023ರ ಮೇ 10, ಬುಧವಾರ. ವಾರದ ನಡುವೆ ಇಟ್ಟರೆ ಜನ ಊರು ಬಿಟ್ಟು ಹೋಗಲ್ಲ ಅಂತ ಯಾರೋ ಲೆಕ್ಕ ಹಾಕಿದ್ದರು. ನಮ್ಮ ಎದುರು ಮನೆಯವರು ಮಂಗಳವಾರ ರಾತ್ರಿಯೇ ಕೊಡಗಿಗೆ ಹೊರಟರು.

ಅಷ್ಟು ಹೊತ್ತಿಗೆ ಅತ್ತೆಗೆ ಮಂಡಿ ಪೂರ್ತಿ ಹೋಗಿತ್ತು. ಆ ಸಲ ಎಂಬತ್ತು ದಾಟಿದವರು ಮನೆಯಿಂದಲೇ ಓಟು ಹಾಕಬಹುದಿತ್ತು, ನಮ್ಮ ರಾಜ್ಯದ ವಿಧಾನಸಭೆ ಚುನಾವಣೆಯಲ್ಲಿ ಅದೇ ಮೊದಲು. 12ಡಿ ಅಂತ ಒಂದು ಫಾರಂ ತುಂಬಿ ಕೊಟ್ಟಿದ್ದೆವು. ಮತದಾನಕ್ಕೆ ಕೆಲವು ದಿನ ಮುಂಚೆ ಒಂದು ತಂಡವೇ ಬಂತು. ಅಧಿಕಾರಿಗಳು, ಒಬ್ಬ ಪೊಲೀಸ್, ವಿಡಿಯೋ ಮಾಡುವ ಹುಡುಗ. ಅತ್ತೆ ಬೆಳಗ್ಗೆಯೇ ರೇಷ್ಮೆ ಅಂಚಿನ ಸೀರೆ ಉಟ್ಟು ಕೂತಿದ್ದರು. ಬಂದವರಿಗೆಲ್ಲ ಕಾಫಿ ಮಾಡು ಅಂದರು. ಅವರು ಬೇಡ, ಡ್ಯೂಟಿ ಅಮ್ಮ ಅಂದರೆ ಇವರಿಗೆ ಬೇಸರ.

ಅದರ ಕ್ರಮ ನೋಡಿ ನನಗೆ ಬ್ಯಾಂಕು ನೆನಪಾಯಿತು. ಮೊದಲು ಒಂದು ಘೋಷಣೆ ಪತ್ರ, ಅದಕ್ಕೆ ಮತದಾರರ ಸಹಿ, ಅಧಿಕಾರಿಯ ದೃಢೀಕರಣ. ಮತಪತ್ರಕ್ಕೆ ಗುರುತು ಹಾಕಿ ಒಳಗಿನ ಲಕೋಟೆಗೆ. ಒಳಗಿನ ಲಕೋಟೆಯನ್ನೂ ಘೋಷಣೆಯನ್ನೂ ಹೊರಗಿನ ಲಕೋಟೆಗೆ. ಒಂದು ಸಹಿ ತಪ್ಪಿದರೆ ಒಳಗಿನ ಓಟನ್ನ ಬಿಚ್ಚಿಯೂ ನೋಡಲ್ಲ. ಚೆಕ್ಕಿಗೂ ಹೀಗೇ, ಎಷ್ಟೇ ದೊಡ್ಡ ಮನುಷ್ಯ ಬರೆದಿದ್ದರೂ ಸಹಿ ಹೊಂದದಿದ್ದರೆ ವಾಪಸ್ಸು. ಅತ್ತೆ ಕನ್ನಡದಲ್ಲಿ ಸಹಿ ಮಾಡುತ್ತಾರೆ. ಕೈ ನಡುಗುತ್ತದೆ. ಆವತ್ತು ಕೊನೆಯ ಅಕ್ಷರ ಗೆರೆಯಿಂದ ಕೆಳಗಿಳಿದು ಹೋಯಿತು. ಅಧಿಕಾರಿ, ಚಿಕ್ಕ ವಯಸ್ಸಿನ ಹೆಣ್ಣುಮಗಳು, "ಪರವಾಗಿಲ್ಲ ಅಜ್ಜಿ" ಅಂದಳು.

ರಟ್ಟು ಅಡ್ಡ ಇಟ್ಟು, ಎಲ್ಲರನ್ನೂ ಆ ಕಡೆ ತಿರುಗಿಸಿ, ಅತ್ತೆ ಓಟು ಹಾಕಿದರು. ಬಹಳ ಹೊತ್ತು ತೆಗೆದುಕೊಂಡರು. ಅವರು ಹೋದ ಮೇಲೆ ನಮ್ಮೆಜಮಾನ್ರು ಕೇಳಿದರು, "ಯಾರಿಗಮ್ಮ?"

"ಗುಟ್ಟು ಅಂತ ಆ ಹುಡುಗಿ ಹೇಳಿಲ್ವಾ? ನಿಂಗ್ಯಾಕೆ?"

ಹತ್ತನೇ ತಾರೀಕು ನಾನು ಬೆಳಗ್ಗೆ ಏಳೂವರೆಗೆ ಹೋಗಿ ಓಟು ಹಾಕಿ ಬಂದೆ. ನನ್ನ ಮುಂದೆ ನಮ್ಮ ರಸ್ತೆಯ ಇಸ್ತ್ರಿಯವನೂ ಅವನ ಹೆಂಡತಿಯೂ ನಿಂತಿದ್ದರು. ನಮ್ಮೆಜಮಾನ್ರು ಹನ್ನೊಂದಕ್ಕೆ ಹೋದರು, ಸಾಲು ನೋಡಿದರು, ವಾಪಸ್ಸು ಬಂದರು. "ಸಂಜೆ ಖಾಲಿ ಇರತ್ತೆ ಕಣೇ." ಮಧ್ಯಾಹ್ನ ಮಾವಿನಹಣ್ಣಿನ ಸೀಕರಣೆ ಮಾಡಿದ್ದೆ. ತಪ್ಪು ನನ್ನದೇ. ಎದ್ದಾಗ ಆರು ಗಂಟೆ. ಇವರು ದಿನಾ ಸರ್ಕಾರಕ್ಕೆ ಬುದ್ಧಿ ಹೇಳುವ ಮನುಷ್ಯ, ಅದೂ ಟಿವಿ ಮುಂದೆ ಕೂತು, ಜೋರಾಗಿ.

13ನೇ ತಾರೀಕು ಶನಿವಾರ ಎಣಿಕೆ. ಮಧ್ಯಾಹ್ನದ ಹೊತ್ತಿಗೆ ರಾಜ್ಯದ ಕತೆ ಮುಗಿದಿತ್ತು. ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಜಯನಗರದ ಒಂದು ಸೀಟು ಆ ಕಡೆ ಹೋದರೂ ಈ ಕಡೆ ಬಂದರೂ ಸರ್ಕಾರಕ್ಕೆ ಏನೂ ಆಗುತ್ತಿರಲಿಲ್ಲ. 2018ರಲ್ಲಿ ಒಂದೊಂದು ತಲೆಯನ್ನೂ ಎಣಿಸುತ್ತಿದ್ದಾಗ ನಾವು ಆರಾಮಾಗಿ 2,889ರಲ್ಲಿ ಗೆಲ್ಲಿಸಿದ್ದೆವು. ಯಾರಿಗೂ ಬೇಡವಾದ ಹೊತ್ತಿನಲ್ಲಿ ಕೂದಲೆಳೆಗೆ ತಂದು ನಿಲ್ಲಿಸಿದೆವು. ನಮ್ಮ ಕ್ಷೇತ್ರಕ್ಕೆ ಹೊತ್ತು ಗೊತ್ತು ಇಲ್ಲ.

ಸೌಮ್ಯಾ ರೆಡ್ಡಿ ಗೆದ್ದರು ಅಂತ ಟಿವಿಯವರು ಹೇಳಿಬಿಟ್ಟಿದ್ದರು. ಅಂತರ ಕಡಿಮೆ, ಮರುಎಣಿಕೆ ಕೇಳಿದ್ದಾರೆ ಅಂತ ಕೆಳಗೆ ಒಂದು ಸಾಲು ಓಡುತ್ತಿತ್ತು. ಎಣಿಕೆ ಕೇಂದ್ರ ಜಯನಗರದ್ದೇ ಎಸ್‌ಎಸ್‌ಎಂಆರ್‌ವಿ ಕಾಲೇಜು. ಸಂಜೆ ಆಗುತ್ತಿದ್ದಂತೆ ಅಲ್ಲಿ ಎರಡೂ ಕಡೆಯವರು ಸೇರಿದರು. ರಾಮಲಿಂಗಾ ರೆಡ್ಡಿ, ಡಿ.ಕೆ. ಶಿವಕುಮಾರ್, ಆ ಕಡೆಯಿಂದ ಆರ್. ಅಶೋಕ, ತೇಜಸ್ವಿ ಸೂರ್ಯ. ಘೋಷಣೆ, ತಳ್ಳಾಟ, ಪೊಲೀಸರು. ಜಗಳ ಮುಖ್ಯವಾಗಿ ಅಂಚೆ ಮತಗಳ ಮೇಲೆ. ಮೊದಲು ತಿರಸ್ಕರಿಸಿದ್ದನ್ನ ಮತ್ತೆ ನೋಡುವ ವಿಚಾರ. ಗೆಲುವಿನ ಅಂತರ ತಿರಸ್ಕೃತ ಅಂಚೆ ಮತಗಳಿಗಿಂತ ಕಡಿಮೆ ಇದ್ದರೆ ಅವನ್ನೆಲ್ಲ ಇನ್ನೊಮ್ಮೆ ಪರಿಶೀಲಿಸಬೇಕು ಅಂತ ಆಯೋಗದ ನಿಯಮವೇ ಇದೆ. ಆವತ್ತು ಅದು ಸರಿಯಾಗಿ ನಡೆಯಿತಾ ಇಲ್ಲವಾ ಅಂತ ಎರಡು ಕಡೆಯವರೂ ಬೇರೆ ಬೇರೆ ಹೇಳಿದರು. ವಿಷಯ ಹೈಕೋರ್ಟಿಗೂ ಹೋಯಿತು. ನಾನು ಅದರೊಳಗೆ ಹೋಗಲ್ಲ.

ನಮ್ಮ ಮನೆಯಲ್ಲಿ "ಅಂಚೆ ಮತ" ಅನ್ನುವ ಶಬ್ದ ಕಿವಿಗೆ ಬಿದ್ದ ಕೂಡಲೇ ಅತ್ತೆ ಎದ್ದು ಕೂತರು. ಸಾಮಾನ್ಯವಾಗಿ ಎಂಟೂವರೆಗೆ ಮಲಗುವವರು.

"ಅದು ನಂದೇ ಅಲ್ವೇನಮ್ಮ?"

"ನಿಮ್ಮ ಥರದವರದ್ದು ಅತ್ತೆ. ಡ್ಯೂಟಿಯಲ್ಲಿ ಇರೋರದ್ದೂ ಇರತ್ತೆ."

"ಸಹಿ ಸರಿಯಾಗಿ ಬೀಳ್ಲಿಲ್ಲ ಅವತ್ತು."

ಹತ್ತಾಯಿತು, ಹನ್ನೊಂದಾಯಿತು. ಅವರನ್ನ ಮಲಗಿಸಲು ಆಗಲಿಲ್ಲ. ಮಧ್ಯರಾತ್ರಿ ಹೊತ್ತಿಗೆ ರಾಮಮೂರ್ತಿ ಅವರಿಗೆ ಹದಿನಾರು ಓಟಿನ ಗೆಲುವು ಅಂತ ಬಂತು. ನಮ್ಮೆಜಮಾನ್ರು ಏನೂ ಮಾತಾಡದೆ ಚಾನೆಲ್ ಬದಲಾಯಿಸಿದರು. ನಾನು ಅವರ ಎಡಗೈ ತೋರುಬೆರಳನ್ನ ನೋಡಿದೆ. ಮೈಸೂರು ಪೇಂಟ್ಸ್‌ನವರ ಶಾಯಿ 1962ರಿಂದ ದೇಶಕ್ಕೆಲ್ಲ ಹೋಗುತ್ತಿದೆ. ನಮ್ಮ ಸೋಫಾದವರೆಗೆ ಬಂದಿರಲಿಲ್ಲ.

ಮರುದಿನ ಭಾನುವಾರ. ತಿಂಡಿ ಆದ ಮೇಲೆ ಹಾಲಿನ ಲೆಕ್ಕದ ಪುಸ್ತಕ ತೆಗೆದು ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದೆ. ಓಟು ಇದ್ದೂ ಹಾಕದವರು. ನಮ್ಮ ಮನೆಯಿಂದಲೇ: ಯಜಮಾನರು ಒಂದು. ಮಗಳು ಹೈದರಾಬಾದಿನಲ್ಲಿ, ಹೆಸರು ಇನ್ನೂ ಇಲ್ಲೇ, ಎರಡು. ಕೊಡಗಿಗೆ ಹೋದ ಎದುರು ಮನೆಯ ದಂಪತಿ, ನಾಲ್ಕು. ಮೊದಲ ಮಹಡಿಯ ಅಂಕಲ್ ಆಂಟಿ ಇಬ್ಬರೂ ಹಾಕಿದ್ದರು, ಆದರೆ ಅಮೆರಿಕದ ಇಬ್ಬರು ಗಂಡುಮಕ್ಕಳ ಹೆಸರು ಪಟ್ಟಿಯಲ್ಲಿ ಇನ್ನೂ ಇದೆ. ಆರು ಅಂತ ಬರೆದೆ.

"ಅವರನ್ನ ಸೇರಿಸಬಾರದು. ಅಲ್ಲಿಯ ಸಿಟಿಜನ್ನು ಆಗಿದಾರೆ, ಇಲ್ಲಿ ಓಟೇ ಇಲ್ಲ" ಅಂದರು ಯಜಮಾನರು. ಪೇಪರಿನ ಹಿಂದಿನಿಂದ ಎಲ್ಲ ನೋಡುತ್ತಿದ್ದರು. ಮಾತು ಸರಿ ಇತ್ತು. ಹೊಡೆದು ಹಾಕಿದೆ. ಮತ್ತೆ ನಾಲ್ಕು.

ಅದೇ ಮಹಡಿಯ ಬಾಡಿಗೆ ಮನೆಯಲ್ಲಿ ಮೂರು ಹುಡುಗರು. ಅವರ ಓಟು ಇಲ್ಲಿಲ್ಲ. ಒಬ್ಬ ಸಿಂಧನೂರಿನವನು. ರಾತ್ರಿ ಬಸ್ಸಿನಲ್ಲಿ ನಿಂತುಕೊಂಡೇ ಊರಿಗೆ ಹೋಗಿ, ಓಟು ಹಾಕಿ, ಅವತ್ತೇ ರಾತ್ರಿ ಹೊರಟು, ಗುರುವಾರ ಬೆಳಗ್ಗೆ ಆಫೀಸಿಗೆ ಹೋದ. ಇದನ್ನ ನಾನು ಯಜಮಾನರಿಗೆ ಕೇಳುವ ಹಾಗೆ ಎರಡು ಸಲ ಹೇಳಿದೆ.

ಎರಡನೇ ಮಹಡಿಯ ಡಾಕ್ಟರ ಮನೆ, ಡ್ಯೂಟಿ ಮುಗಿಸಿ ಬಂದು ಮಲಗಿದ ಮೂವರು, ಏಳು. ಪಕ್ಕದಲ್ಲಿ "ಸ್ಲಿಪ್ಪೇ ಬರಲಿಲ್ಲ" ಅಂದ ಗಂಡ ಹೆಂಡತಿ, ಒಂಬತ್ತು. ಸ್ಲಿಪ್ ಬೇಕಾಗಿರಲಿಲ್ಲ, ಪಟ್ಟಿಯಲ್ಲಿ ಹೆಸರಿದ್ದು ಕಾರ್ಡಿದ್ದರೆ ಸಾಕಿತ್ತು. ಹಿಂದಿನ ಮನೆಯವರು ರಸ್ತೆ ಗುಂಡಿಗೆ ಸಿಟ್ಟಾಗಿ ನಾಲ್ಕು ಜನವೂ ಹೋಗಿರಲಿಲ್ಲ, ಹದಿಮೂರು. ಮೂಲೆ ಮನೆಯಲ್ಲಿ ಮೂವರು. ಕಾರಣ ಕೇಳಿದರೆ "ಯಾರು ಬಂದ್ರೂ ಅಷ್ಟೇ ಅಲ್ವಾ ಆಂಟಿ" ಅಂದರು. ಹದಿನಾರು.

ರಸ್ತೆ ದಾಟಿರಲೇ ಇಲ್ಲ ನಾನು.

ಅಲ್ಲಿಗೆ ಪುಸ್ತಕ ಮುಚ್ಚಬಹುದಿತ್ತು. ಆದರೆ ಯಜಮಾನರು ಸುಮ್ಮನಿರಲಿಲ್ಲ. "ಹದಿನಾರು ಸಾಲಲ್ಲ ಕಣೇ. ಹದಿನಾರೂ ಅವರಿಗೇ ಬಿದ್ದಿದ್ರೂ ಸಮ ಆಗೋದು, ಅಷ್ಟೇ."

ಅದೂ ನಿಜ. ಸಮ ಆದರೆ ಚುನಾವಣಾಧಿಕಾರಿ ಚೀಟಿ ಎತ್ತಬೇಕು, ಕಾನೂನಿನಲ್ಲೇ ಹಾಗಿದೆ. ಎರಡು ಲಕ್ಷ ಜನರ ಕ್ಷೇತ್ರ, ಕೊನೆಗೆ ಚೀಟಿ. ಅಲ್ಲದೆ ಈ ಹದಿನಾರು ಒಂದೇ ಕಡೆ ಬೀಳುವ ಓಟುಗಳೂ ಅಲ್ಲ. ಡಾಕ್ಟರ ಮನೆಯಲ್ಲೇ ಎರಡು ಪಕ್ಷ. ಕೊಡಗಿನವರು ಖಂಡಿತ ಒಂದು ಕಡೆ, ಗುಂಡಿಯವರು ಇನ್ನೊಂದು ಕಡೆ. ನಮ್ಮ ಯಜಮಾನರು ಯಾವ ಕಡೆ ಅಂತ ಇಲ್ಲಿ ಬರೆಯಲ್ಲ, ಮನೆಯಲ್ಲಿ ಬದುಕಬೇಕು. ಎರಡು ಕಾಲಂ ಮಾಡಿ ಹಂಚಿ ನೋಡಿದೆ. ಒಂದು ಸಲ ರಾಮಮೂರ್ತಿ ಅವರ ಅಂತರ ಹದಿನೆಂಟಾಯಿತು. ಇನ್ನೊಂದು ಸಲ ಹನ್ನೆರಡಾಯಿತು. ಹಾಕದ ಓಟು ಯಾವ ಕಡೆಗೂ ಜಮಾ ಆಗಲ್ಲ, ಖರ್ಚೂ ಆಗಲ್ಲ. ಸಸ್ಪೆನ್ಸ್ ಅಕೌಂಟಿನಲ್ಲಿ ಬಿದ್ದ ದುಡ್ಡಿನ ಹಾಗೆ. ಯಾರದ್ದು ಅಂತ ಗೊತ್ತಾಗುವವರೆಗೆ ಅಲ್ಲೇ ಇರುತ್ತದೆ.

ಇಂಥ ಲೆಕ್ಕ ನಮ್ಮ ರಾಜ್ಯಕ್ಕೆ ಹೊಸದೂ ಅಲ್ಲ. 2004ರಲ್ಲಿ ಚಾಮರಾಜನಗರದ ಕಡೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ 40,752, ಎ.ಆರ್. ಕೃಷ್ಣಮೂರ್ತಿ 40,751. ಒಂದೇ ಓಟು. ಕೃಷ್ಣಮೂರ್ತಿ ಅವರ ಕಾರಿನ ಡ್ರೈವರೇ ಅವತ್ತು ಓಟು ಹಾಕಿರಲಿಲ್ಲ ಅಂತ ಇವತ್ತಿಗೂ ಹೇಳುತ್ತಾರೆ. ಪಾಪ, ಇಡೀ ದಿನ ಕಾರು ಓಡಿಸಿದವನು ಯಾವಾಗ ಹೋಗಿ ಹಾಕಬೇಕಿತ್ತು? ನನಗೆ ಆ ಡ್ರೈವರನ್ನ ನೆನೆಸಿಕೊಂಡರೇ ಸಂಕಟ. ಇಬ್ಬರು ನಾಯಕರೂ ಆಮೇಲೆ ಒಂದೇ ಪಕ್ಷದಲ್ಲಿದ್ದರು. 2023ರಲ್ಲಿ, ನಮ್ಮಲ್ಲಿ ಹದಿನಾರಕ್ಕೆ ಬಡಿದಾಡುತ್ತಿದ್ದ ಅದೇ ದಿನ, ಕೃಷ್ಣಮೂರ್ತಿ ಕೊಳ್ಳೇಗಾಲದಲ್ಲಿ 59 ಸಾವಿರಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಧ್ರುವನಾರಾಯಣ ಅದಕ್ಕೆ ಎರಡು ತಿಂಗಳು ಮುಂಚೆಯಷ್ಟೇ ತೀರಿಕೊಂಡಿದ್ದರು.

ಇನ್ನೊಂದು ವಿಷಯ ಆಮೇಲೆ ಪೇಪರಿನಲ್ಲಿ ಓದಿದೆ. ನಮ್ಮ ಕ್ಷೇತ್ರದಲ್ಲಿ ಸೌಮ್ಯಾ ರೆಡ್ಡಿ ಅನ್ನುವ ಹೆಸರಿನವರು ಇಬ್ಬರು ನಿಂತಿದ್ದರು. ಎರಡನೆಯವರು ಪಕ್ಷೇತರರು, ಹೆಸರಿನ ನಡುವೆ ಒಂದು ಇನಿಷಿಯಲ್ ಮಾತ್ರ ಬೇರೆ. ಅವರಿಗೆ ಬಿದ್ದ ಓಟು 320. ಬ್ಯಾಂಕಿನಲ್ಲಿ ಒಂದೇ ಹೆಸರಿನ ಇಬ್ಬರ ಖಾತೆ ಇದ್ದರೆ ನಾವು ಲೆಡ್ಜರಿನಲ್ಲಿ ಕೆಂಪು ಶಾಯಿಯಲ್ಲಿ "ಹೆಸರು ಗಮನಿಸಿ" ಅಂತ ಬರೆದಿಡುತ್ತಿದ್ದೆವು. ಮತಪತ್ರದಲ್ಲಿ ಫೋಟೋ ಇರುತ್ತದೆ, ಚಿಹ್ನೆ ಇರುತ್ತದೆ. ಆದರೂ 320ರಲ್ಲಿ ಗೊತ್ತಿದ್ದೇ ಹಾಕಿದವರು ಎಷ್ಟು, ಕಣ್ತಪ್ಪಿ ಹಾಕಿದವರು ಎಷ್ಟು?

ಇದನ್ನ ಓದಿದ ದಿನ ಅತ್ತೆ ಬಾಲ್ಕನಿಯಲ್ಲಿ ಕೂತು ಅವರೆಕಾಯಿ ಥರ ಏನೋ ಬಿಡಿಸುತ್ತಿದ್ದರು, ತೊಗರಿಕಾಯಿ ಇರಬೇಕು. ನಾನು ಸುದ್ದಿಯನ್ನ ಜೋರಾಗಿ ಓದಿರಲಿಲ್ಲ. ಅವರಷ್ಟಕ್ಕೆ ಅವರೇ ಕೇಳಿದರು.

"ಅಲ್ಲಮ್ಮ, ಅವತ್ತು ಕೊಟ್ರಲ್ಲ ಚೀಟಿ, ಅದರಲ್ಲಿ ಒಂದೇ ಹೆಸರು ಎರಡು ಕಡೆ ಯಾಕಿತ್ತು?"

ನಾನು ಪೇಪರ್ ಕೆಳಗಿಟ್ಟೆ. "ಯಾವ ಹೆಸರು ಅತ್ತೆ?"

"ಅದೇ, ಆ ಹುಡುಗಿದು. ಮೇಲೊಂದು ಕಡೆ, ಕೆಳಗೊಂದು ಕಡೆ. ನಾನು ತುಂಬಾ ಹೊತ್ತು ನೋಡ್ದೆ."

ಮುಂದಿನ ಪ್ರಶ್ನೆ ನಾಲಿಗೆ ತುದಿಗೆ ಬಂದಿತ್ತು. ಯಜಮಾನರು ಒಳಗಿನಿಂದ ನನ್ನನ್ನೇ ನೋಡುತ್ತಿದ್ದರು, ಬೇಡ ಅನ್ನುವ ಹಾಗೆ ತಲೆ ಆಡಿಸಿದರು.

"ಕಾಫಿ ತರ್ತೀನಿ ಅತ್ತೆ" ಅಂತ ಎದ್ದೆ.